ಖೋಟಾ ನೋಟಿನ ನಷ್ಟ ಯಾರ ಹೆಗಲಿಗೆ?

ಜುಮಾ ನಮಾಝ್ ಮುಗಿದು ಜನರು ಚದುರಿದ ಮೇಲೆ ಚಂದಾ ಡಬ್ಬಿ ಬಿಚ್ಚಿ ಎಣಿಸುವ ಕೆಲಸ ಎಲ್ಲ ಮಸೀದಿಗಳಲ್ಲೂ ನಡೆಯುತ್ತದೆ. ಸೋಲದೇವನಹಳ್ಳಿಯಲ್ಲಿ ಒಂದು ಶುಕ್ರವಾರ ನಾವು ನಾಲ್ಕೈದು ಮಂದಿ ಹಾಗೆ ಎಣಿಸುತ್ತ ಕುಳಿತಿದ್ದಾಗ 500 ರೂಪಾಯಿಯ ಒಂದು ನೋಟು ಕೈಗೆ ಬೇರೆ ರೀತಿ ತಾಗಿತು. ಕಾಗದ ನುಣುಪು. ಬೆಳಕಿಗೆ ಹಿಡಿದರೆ ವಾಟರ್‌ಮಾರ್ಕ್ ಇರಬೇಕಾದ ಜಾಗದಲ್ಲಿ ಮಸುಕು ಮಸುಕಾದ ಮುದ್ರೆ. ನೋಟನ್ನು ವಾರೆ ಮಾಡಿದಾಗ 500 ಎಂಬ ಅಂಕಿಯ ಹಸಿರು ಬಣ್ಣ ನೀಲಿಗೆ ತಿರುಗಬೇಕು, ತಿರುಗಲಿಲ್ಲ. ಅದು ಖೋಟಾ ನೋಟು.

"ಅದರಲ್ಲೇನಿದೆ, ಸಂಜೆ ತರಕಾರಿ ಗಾಡಿಯಲ್ಲಿ ಕೊಟ್ಟರಾಯಿತು. ಕತ್ತಲಲ್ಲಿ ಯಾರು ನೋಡ್ತಾರೆ?" ಎಂದರು ಒಬ್ಬರು, ಅರ್ಧ ತಮಾಷೆಗೆ. "ಹರಿದು ಒಲೆಗೆ ಹಾಕಿ, ಕಥೆ ಮುಗೀತು" ಎಂದರು ಇನ್ನೊಬ್ಬರು. ಅಲ್ಲೇ ಕುಳಿತಿದ್ದ ಕಾಲೇಜು ಹುಡುಗ, "ಬ್ಯಾಂಕಿಗೆ ಕೊಡೋಣ ಚಾಚಾ" ಎಂದ. ಈ ಮಾತಿಗೆ ಹಿರಿಯರು ಬೆಚ್ಚಿದರು. "ಬೇಡ ಬೇಟಾ, ಹೆಸರು ಬರ್ಕೊಳ್ತಾರೆ. ನಮ್ಮ ಹೆಸರು ನೋಡಿದ ಮೇಲೆ ಎಲ್ಲಿಂದ ಬಂತು ಅಂತ ಕೇಳದೆ ಬಿಡ್ತಾರಾ?"

ಅಂದು ಏನೂ ತೀರ್ಮಾನವಾಗಲಿಲ್ಲ. ನೋಟನ್ನು ಒಂದು ಲಕೋಟೆಯಲ್ಲಿ ಹಾಕಿ ಬೇರೆ ಇಟ್ಟೆವು. ಆದರೆ ಆ ಹಿರಿಯರ ಭಯ ನಮ್ಮನ್ನು ಬಿಡಲಿಲ್ಲ. ಅದು ಅವರೊಬ್ಬರ ಭಯವಲ್ಲ, ನಮ್ಮ ಬಹಳಷ್ಟು ಮನೆಗಳಲ್ಲಿರುವ ಭಯ. ಹೆಸರಘಟ್ಟ ರಸ್ತೆಯ ಈ ಭಾಗದಲ್ಲಿ ಈಗ ಕಾಲೇಜುಗಳು, ಹಾಸ್ಟೆಲುಗಳು, ಪಿ.ಜಿ.ಗಳು ತುಂಬಿವೆ. ದೂರದ ರಾಜ್ಯಗಳಿಂದ, ಹೊರದೇಶಗಳಿಂದಲೂ ಮಕ್ಕಳು ಬಂದು ಓದುತ್ತಾರೆ. ಸಣ್ಣ ಹೋಟೆಲು, ಕಿರಾಣಿ ಅಂಗಡಿ, ಪಂಕ್ಚರ್ ಅಂಗಡಿ ನಡೆಸುವ ನಮ್ಮವರ ಕೈಗೆ ದಿನವೂ ಗುರುತಿಲ್ಲದವರ ಹಣ ಬರುತ್ತದೆ. ಖೋಟಾ ನೋಟು ಕೈಯಲ್ಲಿದ್ದರೇ ಅಪರಾಧವೇ? ಕಾನೂನು ಏನು ಹೇಳುತ್ತದೆ, ಆ ಕಾನೂನು ಹೇಗೆ ಹುಟ್ಟಿತು ಎಂದು ತಿಳಿಯಲು ನಾವು ಹೊರಟೆವು. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒರೆಗಲ್ಲಿನ ಕಾಲ

ಹಣ ಲೋಹವಾಗಿದ್ದ ಕಾಲದಲ್ಲಿ ನಾಣ್ಯದ ಬೆಲೆ ನಾಣ್ಯದೊಳಗೇ ಇತ್ತು. ಚಿನ್ನವಾದರೆ ಒರೆಗಲ್ಲಿಗೆ ಉಜ್ಜಿ ನೋಡಬಹುದು, ಬೆಳ್ಳಿಯಾದರೆ ತೂಗಿ, ಸದ್ದು ಕೇಳಿ ನೋಡಬಹುದು. ನಮ್ಮ ಪೇಟೆಗಳಲ್ಲಿ ಈ ಕೆಲಸಕ್ಕೆಂದೇ ಚಿನಿವಾರರು, ಸರಾಫರು ಇದ್ದರು. ಸರಾಫ ಎಂಬ ಮಾತೇ ಅರಬಿಯ 'ಸರ್‌ರಾಫ್'ನಿಂದ ಬಂದದ್ದು. ಹಣ ಬದಲಾಯಿಸಿ ಕೊಡುವವನು ಎಂದು ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ಅಧಿಕಾರಿಗೆ 'ರೂಪದರ್ಶಕ' ಎಂಬ ಹೆಸರಿದೆ. ಖೋಟಾ ನಾಣ್ಯ ಮಾಡಿಸುವವನಿಗೆ ದಂಡ, ಅದನ್ನು ರಾಜನ ಖಜಾನೆಗೆ ಸೇರಿಸುವವನಿಗೆ ಅದಕ್ಕಿಂತ ಘೋರ ಶಿಕ್ಷೆ ಎಂಬ ವ್ಯತ್ಯಾಸವೂ ಅಲ್ಲಿದೆ.

ಮುಸ್ಲಿಂ ಜಗತ್ತಿನಲ್ಲಿ ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ, ಚಿತ್ರವಿಲ್ಲದ, ಬರಹ ಮಾತ್ರವಿರುವ ದೀನಾರನ್ನು ಹೊರಡಿಸಿದರು. ಅದರ ತೂಕ ಸುಮಾರು 4.25 ಗ್ರಾಂ. ತೂಕ ಒಂದೇ ಆಗಿದ್ದರೆ ಮೋಸ ಬೇಗ ಸಿಕ್ಕಿಬೀಳುತ್ತದೆ. ನಮ್ಮ ನಾಡಿನಲ್ಲಿ ಟಿಪ್ಪು ಸುಲ್ತಾನ್ ಬೆಂಗಳೂರು ಸೇರಿದಂತೆ ಅನೇಕ ಕಡೆ ಟಂಕಸಾಲೆ ನಡೆಸಿದರು. ವರಹಕ್ಕೆ ಫಾರೂಖಿ, ಎರಡು ವರಹದ ನಾಣ್ಯಕ್ಕೆ ಸಿದ್ದೀಖಿ, ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಯದಕ್ಕೆ ಹೈದರಿ ಎಂದು ಹೆಸರಿಟ್ಟರು. ಅಂಥ ನಾಣ್ಯ ಹಿಡಿದ ರೈತನಿಗೆ ಅನುಮಾನ ಬಂದರೆ ಚಿನಿವಾರನ ಕಟ್ಟೆಗೆ ಹೋದರೆ ಸಾಕಿತ್ತು.

ಲೋಹದ ಬೆಲೆಗೂ ನಾಣ್ಯದ ಮುಖಬೆಲೆಗೂ ನಂಟು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಮುಹಮ್ಮದ್ ಬಿನ್ ತುಘಲಕ್‌ನ ಪ್ರಯೋಗ ಸಾಕ್ಷಿ. ಸುಮಾರು 1330ರಲ್ಲಿ ಆತ ತಾಮ್ರ ಹಿತ್ತಾಳೆಯ ನಾಣ್ಯಗಳನ್ನು ಬೆಳ್ಳಿ ಟಂಕದ ಬೆಲೆಗೆ ನಡೆಸಲು ಆಜ್ಞೆ ಮಾಡಿದ. ತಾಮ್ರ ಎಲ್ಲರ ಮನೆಯಲ್ಲೂ ಇತ್ತು. ಅಚ್ಚು ಮಾಡುವುದು ಕಷ್ಟವಿರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಇತಿಹಾಸಕಾರ ಝಿಯಾವುದ್ದೀನ್ ಬರನಿ ಬರೆದಿದ್ದಾರೆ. ಕೊನೆಗೆ ಸುಲ್ತಾನ ಆಜ್ಞೆಯನ್ನು ಹಿಂತೆಗೆದುಕೊಂಡು, ಜನ ತಂದ ತಾಮ್ರಕ್ಕೆ ಖಜಾನೆಯಿಂದ ಬೆಳ್ಳಿ ಚಿನ್ನ ಕೊಡಿಸಿದ. ತುಘಲಕಾಬಾದಿನಲ್ಲಿ ತಾಮ್ರದ ರಾಶಿ ಬೆಟ್ಟದಂತೆ ಬಿದ್ದಿತ್ತಂತೆ. ಅಲ್ಲಿ ಖೋಟಾದ ನಷ್ಟವೆಲ್ಲ ಖಜಾನೆಯ ಹೆಗಲಿಗೆ ಬಿತ್ತು. ಮೋಸ ಮಾಡಿದವನಿಗೂ ಮೋಸ ಹೋದವನಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಕೈಯಲ್ಲಿದ್ದರೆ ಶಿಕ್ಷೆ

ಖೋಟಾ ನೋಟನ್ನು ಇಟ್ಟುಕೊಳ್ಳುವುದನ್ನೇ ದೊಡ್ಡ ಅಪರಾಧವಾಗಿ ಮಾಡಿದ ಕಾನೂನಿನ ಬೇರು ಇಂಗ್ಲೆಂಡಿನಲ್ಲಿದೆ. 1797ರಲ್ಲಿ ಫ್ರಾನ್ಸಿನ ಜೊತೆ ಯುದ್ಧದ ಒತ್ತಡದಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, ಒಂದು ಮತ್ತು ಎರಡು ಪೌಂಡಿನ ಸಣ್ಣ ನೋಟುಗಳನ್ನು ಹೊರಡಿಸಿತು. ಅಲ್ಲಿಯವರೆಗೆ ನೋಟು ಮುಟ್ಟದಿದ್ದ ಕೂಲಿಕಾರರ ಕೈಗೂ ನೋಟು ಬಂತು. ಅವು ಸಾದಾ ಮುದ್ರಣದವು, ನಕಲು ಮಾಡುವುದು ಸುಲಭ. ಓದು ಬಾರದವರಿಗೆ ನಿಜ ಯಾವುದು ಸುಳ್ಳು ಯಾವುದು ತಿಳಿಯುತ್ತಿರಲಿಲ್ಲ.

ಖೋಟಾ ನೋಟು ಮಾಡಿದವನಿಗೂ ಚಲಾಯಿಸಿದವನಿಗೂ ಅಲ್ಲಿ ಗಲ್ಲು ಶಿಕ್ಷೆಯಿತ್ತು. 1801ರಲ್ಲಿ ಬಂದ ಕಾನೂನು, ಖೋಟಾ ಎಂದು ತಿಳಿದೂ ಇಟ್ಟುಕೊಂಡವನಿಗೆ 14 ವರ್ಷ ಗಡೀಪಾರು ಎಂದಿತು. ಆರೋಪ ಹೊತ್ತ ಬಡವರ ಮುಂದೆ ಎರಡು ದಾರಿ ಇರುತ್ತಿತ್ತು: ಇಟ್ಟುಕೊಂಡಿದ್ದೆ ಎಂದು ಒಪ್ಪಿ ಸಮುದ್ರದಾಚೆ ಹೋಗುವುದು, ಇಲ್ಲವೇ ಗಲ್ಲಿನ ಅಪಾಯ ಎದುರಿಸುವುದು. 1797ರಿಂದ 1821ರ ನಡುವೆ 300ಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಹೆಂಗಸರೂ ಇದ್ದರು. ಜಾರ್ಜ್ ಕ್ರುಯಿಕ್‌ಶಾಂಕ್ ಎಂಬ ಚಿತ್ರಗಾರ ಸೆರೆಮನೆಯ ಮುಂದೆ ಹೆಂಗಸರು ನೇತಾಡುವುದನ್ನು ಕಂಡು, 1819ರಲ್ಲಿ ನೇಣಿನ ಚಿತ್ರಗಳಿಂದ ತುಂಬಿದ ಒಂದು ಅಣಕು ನೋಟನ್ನೇ ಮುದ್ರಿಸಿದ. ಜನರ ಕೋಪ ಹೆಚ್ಚಿತು. 1830ರ ದಶಕದಲ್ಲಿ ಇಂಥ ಅಪರಾಧಗಳಿಗೆ ಗಲ್ಲು ಶಿಕ್ಷೆ ಹೋಯಿತು. ಅಲ್ಲಿ ಖೋಟಾದ ನಷ್ಟವನ್ನು ಹೊತ್ತವರು ಮಾಡಿದವರಿಗಿಂತ ಹೆಚ್ಚಾಗಿ ಸಿಕ್ಕಿಬಿದ್ದ ಬಡವರು.

ನಮ್ಮ ಸಂಹಿತೆಯ 'ಡಿ'

ಈ ಅನುಭವದ ನಂತರವೇ ಭಾರತೀಯ ದಂಡ ಸಂಹಿತೆ ಬರೆಯಲ್ಪಟ್ಟಿತು. ಮೆಕಾಲೆಯ ಸಮಿತಿ 1837ರಲ್ಲಿ ಕರಡು ಸಿದ್ಧಪಡಿಸಿತು, 1860ರಲ್ಲಿ ಅದು ಕಾನೂನಾಯಿತು. ಖೋಟಾ ನಾಣ್ಯದ ಬಗ್ಗೆ ಅದರಲ್ಲಿ ಹಲವು ಕಲಮುಗಳಿದ್ದವು. 241ನೇ ಕಲಮಿನ ಉದಾಹರಣೆ ನಮ್ಮನ್ನು ತಡೆದು ನಿಲ್ಲಿಸಿತು. ಅದರ ಸಾರ ಹೀಗಿದೆ: ಎ ಖೋಟಾ ರೂಪಾಯಿ ಮಾಡುವವನು. ಬಿ ಅವನ ಜೊತೆಗಾರ. ಸಿ ತಿಳಿದೇ ಅವುಗಳನ್ನು ಕೊಂಡವನು. ಡಿ ಒಬ್ಬ ಸಾಮಾನ್ಯ ವ್ಯಾಪಾರಿ. ಸಿ ಕೊಟ್ಟ ರೂಪಾಯಿಗಳನ್ನು ನಿಜವೆಂದೇ ನಂಬಿ ಡಿ ಸಾಮಾನು ಕೊಡುತ್ತಾನೆ. ಆಮೇಲೆ ಅವು ಖೋಟಾ ಎಂದು ತಿಳಿಯುತ್ತದೆ. ಆದರೂ ಸುಮ್ಮನೆ ಇನ್ನೊಬ್ಬರಿಗೆ ದಾಟಿಸುತ್ತಾನೆ.

ಡಿ ಮೋಸಗಾರನಾಗಿ ಶುರುವಾದವನಲ್ಲ, ಮೋಸ ಹೋದವನು. ಆದರೂ ಕಾನೂನು ಅವನನ್ನು ಬಿಡಲಿಲ್ಲ. ಅವನಿಗೆ 2 ವರ್ಷದವರೆಗೆ ಸಜೆ, ಅಥವಾ ನಾಣ್ಯದ ಬೆಲೆಯ ಹತ್ತು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಅವನು ತಪ್ಪಿತಸ್ಥನಾದದ್ದು ನಾಣ್ಯ ಕೈಗೆ ಬಂದ ಗಳಿಗೆಯಲ್ಲಲ್ಲ. ತಿಳಿದ ಮೇಲೆ ಕೈದಾಟಿಸಿದ ಗಳಿಗೆಯಲ್ಲಿ.

ನೋಟಿನ ಕಥೆ ಇನ್ನೂ ಗಂಭೀರ. ಕಾಗದಕ್ಕೆ ತನ್ನದೇ ಬೆಲೆ ಇಲ್ಲ, ನಂಬಿಕೆಯೇ ಅದರ ಬೆಲೆ. 1861ರ ಕಾಯ್ದೆಯಿಂದ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕೈಗೆ ಬಂತು. 1899ರಲ್ಲಿ ನೋಟುಗಳಿಗೆಂದೇ 489ಎ ಮುಂತಾದ ಕಲಮುಗಳನ್ನು ದಂಡ ಸಂಹಿತೆಗೆ ಸೇರಿಸಲಾಯಿತು. ಖೋಟಾ ನೋಟು ಮಾಡುವುದು, ತಿಳಿದೂ ಚಲಾಯಿಸುವುದು, ಯಂತ್ರ ಸಾಮಗ್ರಿ ಇಟ್ಟುಕೊಳ್ಳುವುದು - ಇವಕ್ಕೆ ಹತ್ತು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದಿತ್ತು. ಬರೀ ಇಟ್ಟುಕೊಳ್ಳುವ ವಿಷಯ 489ಸಿ ಕಲಮಿನದು, 7 ವರ್ಷದವರೆಗೆ ಸಜೆ. ನೋಟಿನ ವಿಷಯದಲ್ಲಿ ಡಿಯಂಥವನಿಗೆ ಬೇರೆ ಹಗುರವಾದ ಕಲಂ ಇರಲಿಲ್ಲ. ತಿಳಿದು ದಾಟಿಸಿದರೆ ಅವನೂ ಚಲಾಯಿಸಿದವನೇ.

ಆದರೆ 489ಸಿಯಲ್ಲಿ ಎರಡು ಷರತ್ತುಗಳಿದ್ದವು. ಒಂದು, ನೋಟು ಖೋಟಾ ಎಂದು ಅವನಿಗೆ ತಿಳಿದಿರಬೇಕು, ಇಲ್ಲವೇ ಹಾಗೆ ನಂಬಲು ಕಾರಣವಿರಬೇಕು. ಎರಡು, ಅದನ್ನು ನಿಜ ನೋಟಿನಂತೆ ಬಳಸುವ ಉದ್ದೇಶವಿರಬೇಕು. ಇವೆರಡೂ ಇಲ್ಲದೆ ಬರೀ ಕೈಯಲ್ಲಿದ್ದದ್ದು ಅಪರಾಧವಲ್ಲ.

ಹುಣಸೆಹಣ್ಣಿನ ಹಣ

ಈ ಷರತ್ತುಗಳು ಕಾಗದದ ಮೇಲಿನ ಮಾತಷ್ಟೇ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಸಾಕ್ಷಿ. ಖೋಟಾ ನೋಟು ಸಿಕ್ಕಿದ್ದಕ್ಕೆ ಶಿಕ್ಷೆಗೊಳಗಾದ ಒಬ್ಬ ಮುಸ್ಲಿಂ ಸಹೋದರರ ಮೇಲ್ಮನವಿ 1979ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಎದುರು ಪಕ್ಷ ಕರ್ನಾಟಕ ಸರ್ಕಾರ. ಆ ವ್ಯಕ್ತಿ ಕೊಟ್ಟ ವಿವರಣೆ ಸರಳವಾಗಿತ್ತು: ಒಬ್ಬರು ತನ್ನಿಂದ 3 ಕ್ವಿಂಟಾಲ್ ಹುಣಸೆಹಣ್ಣು ಕೊಂಡು 390 ರೂಪಾಯಿ ಕೊಟ್ಟರು, ಅವು ಖೋಟಾ ಎಂದು ತನಗೆ ಗೊತ್ತಿರಲಿಲ್ಲ.

ಕೈಯಲ್ಲಿ ಖೋಟಾ ನೋಟು ಇದ್ದ ಮೇಲೆ ಅದು ಖೋಟಾ ಎಂದು ಅವನಿಗೆ ಗೊತ್ತಿತ್ತು ಎಂದೇ ಭಾವಿಸಬೇಕು ಎಂದು ಸರ್ಕಾರದ ವಕೀಲರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ನೋಡಿದ ಕೂಡಲೇ ಯಾರಿಗಾದರೂ ಖೋಟಾ ಎಂದು ತಿಳಿಯುವಂಥ ನೋಟುಗಳಾಗಿದ್ದರೆ ಹಾಗೆ ಭಾವಿಸಬಹುದಿತ್ತು. ಆದರೆ ಅವು ಅಂಥವು ಎಂದು ತೋರಿಸುವ ಸಾಕ್ಷ್ಯವಿಲ್ಲ, ಆ ಬಗ್ಗೆ ಆರೋಪಿಯನ್ನು ಕೇಳಿಯೂ ಇಲ್ಲ ಎಂದು ಹೇಳಿ ಬಿಡುಗಡೆ ಮಾಡಿತು.

2001ರಲ್ಲಿ ಛತ್ತೀಸ್‌ಗಢದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಇನ್ನೂ ಸ್ಪಷ್ಟಗೊಳಿಸಿತು. ಅಲ್ಲಿ ಆರೋಪಿ ಒಬ್ಬ ವಿದ್ಯಾರ್ಥಿ, ಸಾಮಾನಿಗೆಂದು 100 ರೂಪಾಯಿಯ ಖೋಟಾ ನೋಟು ಕೊಟ್ಟಿದ್ದ ಎಂಬುದು ಆರೋಪ. ದೇಶದ ನೋಟುಗಳಿಗೆ ರಕ್ಷಣೆ ಬೇಕು, ಆದರೆ ತಿಳಿಯದೆ ಇಟ್ಟುಕೊಂಡವರನ್ನೂ ತಿಳಿಯದೆ ಬಳಸಿದವರನ್ನೂ ದಂಡಿಸಲು ಈ ಕಲಮುಗಳು ಇರುವುದಲ್ಲ ಎಂದು ನ್ಯಾಯಾಲಯ ಹೇಳಿತು. ತಿಳಿದಿತ್ತು ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದು ನಾಣ್ಯ, ಸರ್ಕಾರಿ ಸ್ಟಾಂಪು, ನೋಟು ಮೂರನ್ನೂ ಒಂದೇ ಸಾಲಿಗೆ ತಂದಿದೆ. ಸ್ಟಾಂಪಿನ ಮಾತು ಬಂದರೆ ಕನ್ನಡಿಗರಿಗೆ ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದ ಹಗರಣ ನೆನಪಾಗುತ್ತದೆ. ಆತನಿಗೆ 30 ವರ್ಷದ ಸಜೆಯಾಯಿತು. ಹೊಸ ಸಂಹಿತೆಯ 179ನೇ ಕಲಂ ತಿಳಿದೂ ಚಲಾಯಿಸುವವರದ್ದು, ಶಿಕ್ಷೆ ಜೀವಾವಧಿಯವರೆಗೆ. ನಾಣ್ಯ ದಾಟಿಸುವ ಡಿಗೆ ಇದ್ದ ಹಗುರ ಕಲಂ ಈಗ ಇಲ್ಲ. 180ನೇ ಕಲಂ ಇಟ್ಟುಕೊಳ್ಳುವವರದ್ದು, 7 ವರ್ಷದವರೆಗೆ. ಆದರೆ ಇಲ್ಲಿ ಹಳೆಯ ಕಾನೂನಿನಲ್ಲಿಲ್ಲದ ಒಂದು ವಿವರಣೆ ಸೇರಿದೆ: ನ್ಯಾಯವಾದ ಮೂಲದಿಂದ ಬಂದದ್ದು ಎಂದು ತೋರಿಸಿಕೊಟ್ಟರೆ ಅದು ಈ ಕಲಮಿನಡಿ ಅಪರಾಧವಾಗುವುದಿಲ್ಲ. ಹುಣಸೆಹಣ್ಣು ಮಾರಿದ ವ್ಯಕ್ತಿ ನ್ಯಾಯಾಲಯದಲ್ಲಿ ಹೇಳಿದ ಬಗೆಯ ಮಾತಿಗೆ ಈಗ ಕಾನೂನಿನ ಪುಸ್ತಕದಲ್ಲೇ ಜಾಗವಿದೆ. ದಿನದ ವ್ಯಾಪಾರದ ಲೆಕ್ಕ, ಬಿಲ್ಲು ಇಟ್ಟುಕೊಳ್ಳಿ ಎಂದು ನಾವು ಅಂಗಡಿಯ ಸಹೋದರರಿಗೆ ಒತ್ತಿ ಹೇಳುವುದು ಇದಕ್ಕಾಗಿಯೇ.

ಹಿರಿಯರ ಭಯಕ್ಕೆ ಆಧಾರವೇ ಇಲ್ಲ ಎಂದು ನಾವು ಹೇಳುವುದಿಲ್ಲ. 2012ರ ತಿದ್ದುಪಡಿಯಿಂದ, ಉತ್ತಮ ಗುಣಮಟ್ಟದ ಖೋಟಾ ನೋಟುಗಳ ತಯಾರಿಕೆ, ಕಳ್ಳಸಾಗಣೆ ಮತ್ತು ಚಲಾವಣೆಯಿಂದ ದೇಶದ ಹಣಕಾಸು ಸ್ಥಿರತೆಗೆ ಧಕ್ಕೆ ತರುವುದು ಯುಎಪಿಎ ಕಾಯ್ದೆಯಲ್ಲಿ ಭಯೋತ್ಪಾದನೆಯ ವ್ಯಾಖ್ಯೆಯೊಳಗೆ ಸೇರಿದೆ. ಆ ಹೆಸರು ಕೇಳಿದರೆ ನಮ್ಮ ಮನೆಗಳು ನಡುಗುವುದು ಸಹಜ. ಆದರೆ ಭಯದಿಂದ ನೋಟನ್ನು ಬಚ್ಚಿಡುವುದು, ಕತ್ತಲಲ್ಲಿ ದಾಟಿಸುವುದು ನಮ್ಮನ್ನು ಕಾಪಾಡುವುದಿಲ್ಲ. ಕಾನೂನು ತಿಳಿಯದವನನ್ನು ಬಿಡುತ್ತದೆ, ತಿಳಿದು ದಾಟಿಸಿದವನನ್ನು ಹಿಡಿಯುತ್ತದೆ. ಖೋಟಾ ಎಂದು ನಾವೇ ಗುರುತಿಸಿದ ಮೇಲೆ ನಾವು ತಿಳಿಯದವರಲ್ಲ.

ಬಾವಿಗೆ ಎಸೆದ ದಿರ್ಹಮ್

ಮುಂದಿನ ಶುಕ್ರವಾರ ಖತೀಬರು ಇದೇ ವಿಷಯವನ್ನು ಖುತ್ಬಾದಲ್ಲಿ ಎತ್ತಿಕೊಂಡರು. ಅಳತೆ ತೂಕದಲ್ಲಿ ಮೋಸ ಮಾಡುವವರಿಗೆ ಸೂರಃ ಅಲ್ ಮುತಫ್ಫಿಫೀನ್‌ನಲ್ಲಿರುವ ಎಚ್ಚರಿಕೆಯನ್ನು ನೆನಪಿಸಿದರು. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿ, ಒಳಗೆ ತೇವವಿದ್ದದ್ದನ್ನು ಕಂಡು, ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೇಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗವನ್ನು ಹೇಳಿದರು. ಬಳಿಕ ಇಮಾಮ್ ಗಝ್ಝಾಲಿ(ರ)ಯವರ ಮಾತಿಗೆ ಬಂದರು.

ಹಿಜರಿ 505ರಲ್ಲಿ, ಅಂದರೆ ಕ್ರಿ.ಶ. 1111ರಲ್ಲಿ ನಿಧನರಾದ ಗಝ್ಝಾಲಿ(ರ)ಯವರು ಇಹ್ಯಾ ಉಲೂಮುದ್ದೀನ್‌ನ ಸಂಪಾದನೆಯ ಅಧ್ಯಾಯದಲ್ಲಿ ಖೋಟಾ ನಾಣ್ಯದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಒಂದು ಖೋಟಾ ದಿರ್ಹಮ್ ಚಲಾಯಿಸುವುದು ನೂರು ದಿರ್ಹಮ್ ಕದಿಯುವುದಕ್ಕಿಂತ ಕೆಟ್ಟದ್ದು ಎಂಬ ಹಿರಿಯರ ಅಭಿಪ್ರಾಯವನ್ನು ಅವರು ಎತ್ತಿ ಹೇಳುತ್ತಾರೆ. ಏಕೆಂದರೆ ಕಳವು ಒಂದೇ ಪಾಪ, ಅಲ್ಲಿಗೆ ಮುಗಿಯುತ್ತದೆ. ಖೋಟಾ ನಾಣ್ಯ ಕೈಯಿಂದ ಕೈಗೆ ಹೋಗುತ್ತದೆ. ಕೊಟ್ಟವನು ಸತ್ತ ಮೇಲೂ ಅದರ ಪಾಪದ ಲೆಕ್ಕ ಬೆಳೆಯುತ್ತಲೇ ಇರುತ್ತದೆ.

ಅವರು ಹೇಳುವ ಉಪಾಯ ನೇರವಾಗಿದೆ. ಖೋಟಾ ನಾಣ್ಯ ನಿಮ್ಮ ಕೈಗೆ ಬಂದರೆ ಮತ್ತೆ ಯಾರಿಗೂ ಸಿಗದಂತೆ ಬಾವಿಗೆ ಎಸೆಯಿರಿ. ವ್ಯಾಪಾರಿಯಾದವನು ನಾಣ್ಯ ಗುರುತಿಸುವುದನ್ನು ಕಲಿಯಲೇಬೇಕು, ತನ್ನ ನಷ್ಟ ತಪ್ಪಿಸಿಕೊಳ್ಳಲು ಮಾತ್ರವಲ್ಲ, ಅರಿಯದೆ ಇನ್ನೊಬ್ಬನ ಕೈಗೆ ದಾಟಿಸದಿರಲು. ಖೋಟಾ ಎಂದು ಹೇಳಿಯೇ ಕೊಟ್ಟರೂ ಪಾಪ ತಪ್ಪದು, ಏಕೆಂದರೆ ತೆಗೆದುಕೊಳ್ಳುವವನು ಸಾಮಾನ್ಯವಾಗಿ ಅದನ್ನು ಬೇರೊಬ್ಬನಿಗೆ ದಾಟಿಸಲೆಂದೇ ತೆಗೆದುಕೊಳ್ಳುತ್ತಾನೆ.

ಅದೇ ಅಧ್ಯಾಯದಲ್ಲಿ ಒಬ್ಬ ಯೋಧನ ಕಥೆಯೂ ಇದೆ. ಯುದ್ಧದಲ್ಲಿ ಅವನ ಕುದುರೆ ಮೂರು ಸಲ ಮುಂದೆ ಹೋಗದೆ ಹಿಂದೆ ಸರಿಯಿತು. ಬೇಸರದಿಂದ ಮಲಗಿದವನಿಗೆ ಕನಸಿನಲ್ಲಿ ಕುದುರೆ ಮಾತನಾಡಿತು: ನಿನ್ನೆ ನನಗೆ ಮೇವು ಕೊಂಡಾಗ ನೀನು ಕೊಟ್ಟದ್ದು ಖೋಟಾ ದಿರ್ಹಮ್. ಎಚ್ಚೆತ್ತವನು ಮೇವು ಮಾರುವವನ ಬಳಿಗೆ ಓಡಿ ನಾಣ್ಯ ಬದಲಿಸಿಕೊಟ್ಟನು.

ಖುತ್ಬಾ ಕೇಳುತ್ತಿದ್ದಾಗ ನಮಗೆ ಸಂಹಿತೆಯ ಡಿ ನೆನಪಾದ. ಬೇರೆ ಬೇರೆ ಕಾಲ, ಬೇರೆ ಬೇರೆ ದೇಶ. ಆದರೂ ಇಮಾಮರೂ ಕಾನೂನು ಬರೆದವರೂ ಬೆರಳು ಮಾಡಿದ್ದು ಒಂದೇ ಜಾಗಕ್ಕೆ: ಖೋಟಾ ಎಂದು ತಿಳಿದ ಮೇಲೆ ಕೈ ಏನು ಮಾಡಿತು? ತರಕಾರಿ ಗಾಡಿಯ ಅಮ್ಮನಿಗೆ 500 ರೂಪಾಯಿ ಎಂದರೆ ಒಂದು ದಿನದ ಲಾಭಕ್ಕಿಂತ ಹೆಚ್ಚಿರಬಹುದು. ನಮ್ಮ ನಷ್ಟವನ್ನು ಅವರ ಹೆಗಲಿಗೆ ಹೊರಿಸಿ ಚಂದಾ ಲೆಕ್ಕ ಸರಿ ಮಾಡಿದ್ದರೆ ಆ ಚಂದಾ ಯಾವ ಮುಖ ಹೊತ್ತು ಅಲ್ಲಾಹನ ಮನೆಯಲ್ಲಿ ಇರುತ್ತಿತ್ತು?

ನಾವು ಮಾಡಿದ್ದು

ಸೋಮವಾರ ನಾವು ಇಬ್ಬರು ಲಕೋಟೆ ಹಿಡಿದು ಬ್ಯಾಂಕಿಗೆ ಹೋದೆವು. ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ: ಖೋಟಾ ಎಂದು ಕಂಡ ನೋಟಿಗೆ ಬ್ಯಾಂಕಿನವರು ಖೋಟಾ ಎಂಬ ಮುದ್ರೆ ಒತ್ತಿ ವಶಪಡಿಸಿಕೊಳ್ಳಬೇಕು, ತಂದವರಿಗೆ ಸ್ವೀಕೃತಿ ಚೀಟಿ ಕೊಡಬೇಕು. ನೋಟನ್ನು ಹಿಂದಿರುಗಿಸುವಂತಿಲ್ಲ, ಅದಕ್ಕೆ ಹಣವನ್ನೂ ಕೊಡುವಂತಿಲ್ಲ. ಒಂದು ವ್ಯವಹಾರದಲ್ಲಿ 4 ನೋಟುಗಳವರೆಗೆ ಇದ್ದರೆ ತಿಂಗಳಿಗೊಮ್ಮೆ ಪೊಲೀಸರಿಗೆ ಒಟ್ಟು ವರದಿ ಹೋಗುತ್ತದೆ. 5 ಅಥವಾ ಹೆಚ್ಚು ಇದ್ದರೆ ಎಫ್‌ಐಆರ್ ಆಗುವಂತೆ ಪೊಲೀಸರಿಗೆ ಕೂಡಲೇ ಕಳುಹಿಸಬೇಕು. ನಮ್ಮದು ಒಂದೇ ನೋಟು. ಚಂದಾ ಡಬ್ಬಿಯಲ್ಲಿ ಸಿಕ್ಕಿದ್ದು ಎಂದು ಹೇಳಿದೆವು, ಸಹಿ ಹಾಕಿದೆವು, ಚೀಟಿ ಪಡೆದೆವು. ಯಾರೂ ಗದರಿಸಲಿಲ್ಲ, ಆಮೇಲೆ ಯಾರೂ ಮನೆಗೆ ಬರಲೂ ಇಲ್ಲ. ಆ ಚೀಟಿ ಈಗ ಮಸೀದಿಯ ಲೆಕ್ಕದ ಪುಸ್ತಕದಲ್ಲಿದೆ.

500 ರೂಪಾಯಿಯ ಕೊರತೆಯನ್ನು ಎಣಿಸಲು ಕುಳಿತಿದ್ದವರೇ ನೂರು ನೂರು ಹಾಕಿ ತುಂಬಿಸಿದೆವು. ಮೊದಲು ನೂರು ತೆಗೆದವರು ಬ್ಯಾಂಕ್ ಬೇಡ ಎಂದಿದ್ದ ಹಿರಿಯರು.

ಹರಿದು ಒಲೆಗೆ ಹಾಕಿದ್ದರೂ ನೋಟಿನ ಪಯಣ ನಿಲ್ಲುತ್ತಿತ್ತು. ಆದರೆ ಆ ನೋಟು ಯಾವ ಕಡೆ ಸುಳಿದಾಡುತ್ತಿದೆ ಎಂಬುದು ಪೊಲೀಸರಿಗೂ ರಿಸರ್ವ್ ಬ್ಯಾಂಕಿಗೂ ತಿಳಿಯುತ್ತಿರಲಿಲ್ಲ, ಅದೇ ಅಚ್ಚಿನ ಮತ್ತೊಂದು ನೋಟು ನಾಳೆ ಇನ್ನೊಬ್ಬರ ಗಲ್ಲಾಪೆಟ್ಟಿಗೆಗೆ ಬರುತ್ತಿತ್ತು. ಇಮಾಮರು ಹೇಳಿದ ಬಾವಿ ನಮ್ಮ ಕಾಲದಲ್ಲಿ ಬ್ಯಾಂಕಿನ ಕೌಂಟರಿನಲ್ಲಿದೆ.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನೋಟು ಗುರುತಿಸುವುದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಕಲಿಸಿ: ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೋಡುವುದು, ವಾರೆ ಮಾಡಿ ಬಣ್ಣ ಬದಲಾಗುವುದನ್ನು ನೋಡುವುದು, 500ರ ನೋಟಿನ ಎರಡು ಅಂಚಿನಲ್ಲೂ ಬೆರಳಿಗೆ ತಾಗುವ ಐದೈದು ಗೆರೆಗಳನ್ನು ಮುಟ್ಟಿ ನೋಡುವುದು. ಅನುಮಾನ ಬಂದರೆ ಪಡೆಯುವ ಮೊದಲೇ ನಯವಾಗಿ ಬೇಡ ಎನ್ನಿ. ಕೈಗೆ ಬಂದೇಬಿಟ್ಟಿದ್ದರೆ ಅಲ್ಲೇ ನಿಲ್ಲಿಸಿ. ನಷ್ಟವಾಗುತ್ತದೆ, ನಿಜ. ಆ ನಷ್ಟ ನಮ್ಮಲ್ಲಿಗೇ ಮುಗಿಯಲಿ.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ಅನ್ಯಾಯದ ಆರೋಪಗಳಿಂದ ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.